ಪುನರುಕ್ತಿಯನ್ನು ಅಳಿಸುವ ಮುನ್ನ

ಮಗ್ಗದ ನಾಡಾದ ರಬಕವಿ-ಬನಹಟ್ಟಿಯಲ್ಲಿ ಬೆಳೆದ ವಿದ್ಯಾರ್ಥಿಗೆ ‘ಷರತ್ತು’ ಎಂದರೇನೆಂಬುದನ್ನು ಪುಸ್ತಕದಿಂದಲೇ ಕಲಿಸಬೇಕಾದ ಅವಶ್ಯಕತೆಯಿಲ್ಲ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಇದೆಯೋ ಇಲ್ಲವೋ ಎಂಬುದನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಒಂದು ಸಣ್ಣ ಕವಲುಕಡ್ಡಿಯ ಏರ್ಪಾಡಿರುತ್ತದೆ. ನೂಲು ಇದ್ದರೆ ಮಗ್ಗ ನಡೆಯುತ್ತದೆ, ಹರಿದಿದ್ದರೆ ನಿಲ್ಲುತ್ತದೆ. ಜಕಾರ್ಡ್ ಮಗ್ಗದಲ್ಲಿ ರಟ್ಟಿನ ಪಟ್ಟಿಗಳ ತೂತುಗಳು ಇಂಥದೇ ಕೆಲಸವನ್ನು ಮಾಡುತ್ತವೆ. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ; ತೂತಿಲ್ಲದ ಕಡೆ ಅದು ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ಫ್ರಾನ್ಸ್ ದೇಶದ ಜಕಾರ್ಡ್ ಎಂಬಾತನು 19ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದ ಈ ಪಟ್ಟಿಗಳ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ವಿಶ್ಲೇಷಕ ಯಂತ್ರದ ಯೋಜನೆಗೆ ತೆಗೆದುಕೊಂಡನು. ಇಂದಿನ ಗಣಕಯಂತ್ರಕ್ಕೂ ನಮ್ಮ ಮಗ್ಗಕ್ಕೂ ಇರುವ ನೆಂಟಸ್ತನ ಇಷ್ಟು ಹಳೆಯದು.

ಈಗ ಒಬ್ಬ ಮಗ್ಗದ ಮಾಲೀಕನು, ಒಂದು ಕಡ್ಡಿ ಇದ್ದರೆ ಸಾಲದೆಂದು ಹೆದರಿ, ಅದೇ ನೂಲನ್ನು ಅದೇ ಕ್ಷಣದಲ್ಲಿ ಅದೇ ಸ್ಥಳದಲ್ಲಿ ಮುಟ್ಟಿ ನೋಡುವ ಇನ್ನೊಂದು ಕಡ್ಡಿಯನ್ನು ಅದರ ಪಕ್ಕದಲ್ಲಿ ಹಾಕಿಸಿದನೆಂದು ಭಾವಿಸೋಣ. ಮೊದಲನೆಯದು ಹೇಳಿದುದನ್ನೇ ಎರಡನೆಯದೂ ಹೇಳುತ್ತದೆ. ಬಟ್ಟೆಯ ಗುಣವೇನೂ ಹೆಚ್ಚುವುದಿಲ್ಲ. ಆದರೆ ಹತ್ತು ವರ್ಷಗಳ ಅನಂತರ ಮಗ್ಗವನ್ನು ದುರಸ್ತಿ ಮಾಡಲು ಬಂದವನು ಆ ಎರಡನೆಯ ಕಡ್ಡಿಯ ಮುಂದೆ ನಿಂತು, ‘ಇದನ್ನು ಏಕೆ ಹಾಕಿದರು? ಏನೋ ಕಾರಣವಿರಬೇಕು’ ಎಂದು ಯೋಚಿಸುತ್ತ ಅರ್ಧ ದಿನವನ್ನು ಕಳೆಯುವನು. ಗಣಕಯಂತ್ರದ ಕ್ರಮವಿಧಿಗಳಲ್ಲಿ ಇಂಥ ಎರಡನೆಯ ಕಡ್ಡಿಗಳು ಅಲ್ಲಲ್ಲಿ ಸಿಗುತ್ತಲೇ ಇರುತ್ತವೆ. ಅವನ್ನು ಪುನರುಕ್ತ ಷರತ್ತುಗಳೆಂದು ಕರೆಯೋಣ. ಅವನ್ನು ತೆಗೆದುಹಾಕುವುದು ಸಣ್ಣ ಕೆಲಸವೆಂಬ ಭಾವನೆ ಬಹಳ ಜನರಲ್ಲಿದೆ. ಅದು ಸಣ್ಣ ಕೆಲಸವಲ್ಲ, ಗುಡಿಸುವವನ ಕೆಲಸಕ್ಕಿಂತ ವೈದ್ಯನ ಕೆಲಸಕ್ಕೆ ಅದು ಹತ್ತಿರವಾದುದು, ಆದುದರಿಂದಲೇ ನಮ್ಮ ವಿದ್ಯಾರ್ಥಿಗಳು ಅದನ್ನು ಕಲಿಯತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ರಂಗಸ್ಥಳದ ಪರಿಚಯ ಮಾಡಿಕೊಳ್ಳೋಣ. ಗಣಕಯಂತ್ರದ ಸಕಲ ವ್ಯವಹಾರಗಳನ್ನೂ ನಡೆಸುವ ಮೂಲ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕೀಲಿಮಣೆ, ಮುದ್ರಣ ಯಂತ್ರ, ಕ್ಯಾಮೆರಾ, ಜಾಲಸಂಪರ್ಕದ ಫಲಕ ಇವು ಒಂದೊಂದೂ ತನ್ನದೇ ಆದ ಭಾಷೆಯನ್ನಾಡುತ್ತವೆ. ಆ ಭಾಷೆಯನ್ನು ಆಪರೇಟಿಂಗ್ ಸಿಸ್ಟಂಗೆ ತಿಳಿಯಹೇಳುವ ದುಭಾಷಿಗೆ ಡ್ರೈವರ್ ಎನ್ನುತ್ತಾರೆ. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಾರಂಭಿಸಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ಅತಿ ದೊಡ್ಡ ಗಣಕಗಳವರೆಗೆ ವ್ಯಾಪಿಸಿದೆ. ಅದರ ಮೂಲಪಠ್ಯವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನೂ ಸೂಚಿಸಬಹುದು. ಆ ಪಠ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರುಗಳಿಂದಲೇ ತುಂಬಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಲಿನಕ್ಸಿನ ದೋಷಗಳನ್ನು ಎಣಿಸಿ ನೋಡಿದಾಗ, ಡ್ರೈವರುಗಳಲ್ಲಿ ದೋಷದ ಪ್ರಮಾಣವು ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಾಗಿದ್ದುದು ಕಂಡುಬಂದಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಡ್ರೈವರನ್ನು ಬರೆಯುವವನು ತನ್ನ ಸಾಧನವನ್ನು ಚೆನ್ನಾಗಿ ಬಲ್ಲನು. ಆಪರೇಟಿಂಗ್ ಸಿಸ್ಟಂನ ಒಳನಿಯಮಗಳನ್ನು ಅಷ್ಟು ಚೆನ್ನಾಗಿ ಬಲ್ಲವನಾಗಿರುವುದಿಲ್ಲ. ತಿಳಿಯದ ಕಡೆ ಮನುಷ್ಯನು ಹಳೆಯ ಡ್ರೈವರನ್ನು ನೋಡಿ ನಕಲು ಮಾಡುತ್ತಾನೆ. ಹೆದರಿದ ಕಡೆ ಒಂದು ಷರತ್ತನ್ನು ಹೆಚ್ಚಾಗಿ ಸೇರಿಸುತ್ತಾನೆ.

ಇಂಥ ಷರತ್ತುಗಳಲ್ಲಿ ಮೂರು ಜಾತಿಗಳನ್ನು ಇಲ್ಲಿ ಗುರುತಿಸೋಣ.

ಮೊದಲನೆಯದು ನಿರುಪದ್ರವಿ. ಕ್ರಮವಿಧಿಯು ತಾನು ಕಡ ತಂದ ಸ್ಮೃತಿಸ್ಥಳವನ್ನು ಕೆಲಸ ಮುಗಿದ ಮೇಲೆ ಹಿಂತಿರುಗಿಸಬೇಕು. ಲಿನಕ್ಸಿನಲ್ಲಿ ಇದಕ್ಕಾಗಿ ಕೆಫ್ರೀ ಎಂಬ ಸಿದ್ಧಕಾರ್ಯವಿದೆ. ವಿಳಾಸವೇ ಇಲ್ಲದ ಶೂನ್ಯವನ್ನು ಅದಕ್ಕೆ ಕೊಟ್ಟರೆ ಅದು ಏನನ್ನೂ ಮಾಡದೆ ಸುಮ್ಮನೆ ಹಿಂತಿರುಗುತ್ತದೆ. ಸಿ ಭಾಷೆಯ ಇಂಥದೇ ಕಾರ್ಯಕ್ಕೆ 1989ರ ಪ್ರಮಾಣಗ್ರಂಥವೇ ಈ ನಿಯಮವನ್ನು ವಿಧಿಸಿದೆ. ಆದರೂ ಅನೇಕ ಡ್ರೈವರುಗಳಲ್ಲಿ ‘ವಿಳಾಸವು ಶೂನ್ಯವಲ್ಲದಿದ್ದರೆ ಮಾತ್ರ ಹಿಂತಿರುಗಿಸು’ ಎಂಬ ವಾಕ್ಯ ಸಿಗುತ್ತಿತ್ತು. ಬಾಗಿಲಲ್ಲಿ ಕಾವಲುಗಾರನಿರುವಾಗ ಅಂಗಳದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಿಸಿದಂತೆ ಇದು. ಆ ವಾಕ್ಯವನ್ನು ಧಾರಾಳವಾಗಿ ತೆಗೆಯಬಹುದು.

ಎರಡನೆಯದು ಕಾರಣವು ಕಳೆದುಹೋದ ಷರತ್ತು. ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿ ತಾಲ್ಲೂಕಿನ ಹಲವು ಗ್ರಾಮಗಳನ್ನು ಮುಳುಗಿಸಿ, ಅಲ್ಲಿನ ಜನ ಪುನರ್ವಸತಿ ಕೇಂದ್ರಗಳಿಗೆ ಹೋದುದನ್ನು ಈ ಭಾಗದ ವಾಚಕರು ಬಲ್ಲರು. ಮುಳುಗಿದ ಊರಿಗೆ ದಾರಿ ತೋರಿಸುವ ಫಲಕವೊಂದು ರಸ್ತೆಯ ಬದಿಯಲ್ಲಿ ಉಳಿದರೆ ಅದು ಸುಳ್ಳನ್ನು ಹೇಳುತ್ತಿಲ್ಲ. ಒಂದು ಕಾಲದ ಸತ್ಯವನ್ನು ಹೇಳುತ್ತಿದೆ. ಆದರೂ ಹೊಸ ಪಯಣಿಗನು ಅದನ್ನು ನಂಬಿ ನೀರಿನ ಅಂಚಿಗೆ ಹೋಗಿ ನಿಲ್ಲುವನು. ಟೋರ್ವಾಲ್ಡ್ಸ್ ಯಾವ 386 ಜಾತಿಯ ಗಣಕದ ಮೇಲೆ ಲಿನಕ್ಸನ್ನು ಬರೆಯಲು ಪ್ರಾರಂಭಿಸಿದನೋ, ಆ 386ಕ್ಕೆ ಲಿನಕ್ಸಿನ ಬೆಂಬಲವನ್ನು 2012ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. ಅದರೊಡನೆ ಆ ಒಂದು ಯಂತ್ರಕ್ಕಾಗಿಯೇ ಉಳಿದುಕೊಂಡಿದ್ದ ಪರೀಕ್ಷೆಗಳೂ ಹೋದವು. ಹುಟ್ಟಿದ ಮನೆಯ ಮೇಲಿನ ಮಮತೆಗಾಗಿ ಯಾರೂ ಅವನ್ನು ಉಳಿಸಿಕೊಳ್ಳಲಿಲ್ಲ.

ಮೂರನೆಯ ಜಾತಿಯೇ ನಮ್ಮ ವಾದದ ತಿರುಳು. ಸಿ ಭಾಷೆಯಲ್ಲಿ ಋಣಸಂಖ್ಯೆಯನ್ನು ಹಿಡಿಯಲಾರದ ಒಂದು ಬಗೆಯ ಪೆಟ್ಟಿಗೆಯುಂಟು. ಅದರಲ್ಲಿ ಏನನ್ನು ಹಾಕಿದರೂ ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯಾಗಿಯೇ ಕಾಣುತ್ತದೆ. ಡ್ರೈವರು ತನ್ನ ಸಾಧನದ ಕರೆಗಂಟೆಯ ಸಂಖ್ಯೆ ಯಾವುದೆಂದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಸಂಖ್ಯೆ ದೊರೆಯದಿದ್ದರೆ ಉತ್ತರವು ಋಣಸಂಖ್ಯೆಯಾಗಿ ಬರುತ್ತದೆ. ಅದೇ ವೈಫಲ್ಯದ ಗುರುತು. ಬರೆದವನು ಆ ಉತ್ತರವನ್ನು ಋಣವನ್ನು ಹಿಡಿಯಲಾರದ ಪೆಟ್ಟಿಗೆಯಲ್ಲಿ ಹಾಕಿ, ಅನಂತರ ‘ಇದು ಸೊನ್ನೆಗಿಂತ ಕಡಮೆಯಾಗಿದ್ದರೆ ಕೆಲಸವನ್ನು ನಿಲ್ಲಿಸು’ ಎಂದು ಬರೆದನೆನ್ನೋಣ. ಆ ಷರತ್ತು ಎಂದೆಂದಿಗೂ ನಿಜವಾಗದು. ತರ್ಕದ ದೃಷ್ಟಿಯಿಂದ ಅದು ಪುನರುಕ್ತ, ನಿಷ್ಪ್ರಯೋಜಕ. ಆದುದರಿಂದ ಅದನ್ನು ಅಳಿಸಬೇಕೆ? ಅಳಿಸಿದರೆ ಪಠ್ಯವು ಅಂದವಾಗುತ್ತದೆ, ರೋಗವೂ ಖಾಯಮ್ಮಾಗುತ್ತದೆ. ಇಲ್ಲಿ ಷರತ್ತು ಸರಿಯಾಗಿದೆ, ಪೆಟ್ಟಿಗೆ ತಪ್ಪಾಗಿದೆ. ಬದಲಾಯಿಸಬೇಕಾದುದು ಪೆಟ್ಟಿಗೆಯನ್ನು. ಇಂಥ ದೋಷಗಳು ಲಿನಕ್ಸಿನ ಡ್ರೈವರುಗಳಲ್ಲಿ ಅನೇಕ ಸಲ ಸಿಕ್ಕಿವೆ, ತಿದ್ದಲ್ಪಟ್ಟಿವೆ.

‘ಇದೆಲ್ಲ ಇದ್ದರೆ ಇರಲಿ, ಕಂಪೈಲರ್ ಎಂಬ ಭಾಷಾಂತರಕಾರಕವೇ ಬೇಡವಾದುದನ್ನು ಕಿತ್ತುಹಾಕುತ್ತದೆಯಲ್ಲ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು?’ ಎಂದು ಕೇಳುವವರುಂಟು. ಅವರಿಗೆ ನಮ್ಮ ಉತ್ತರಗಳು ಎರಡು.

ಒಂದನೆಯದಾಗಿ, ಪುನರುಕ್ತಿಯು ಬರೆದವನ ಮನಸ್ಸಿನ ಗೊಂದಲದ ಕುರುಹು. ಇದು ಕೇವಲ ಊಹೆಯಲ್ಲ. ಸ್ಟ್ಯಾನ್‌ಫರ್ಡಿನ ಯಿಚೆನ್ ಷಿಯೆ ಮತ್ತು ಡಾಸನ್ ಎಂಗ್ಲರ್ ಎಂಬ ಸಂಶೋಧಕರು 2002ರಲ್ಲಿ ಲಿನಕ್ಸಿನ ಪಠ್ಯವನ್ನು ಶೋಧಿಸಿ, ಪುನರುಕ್ತ ಷರತ್ತು, ಎಂದೂ ನಡೆಯದ ವಾಕ್ಯ, ಬಳಸದೆ ಬಿಟ್ಟ ಬೆಲೆ ಮೊದಲಾದವುಗಳನ್ನು ಹುಡುಕಿದರು. ಇವು ಸಿಕ್ಕಿದ ಕಡತಗಳಲ್ಲಿ ನಿಜವಾದ ಗಂಡಾಂತರಕಾರಿ ದೋಷಗಳಿರುವ ಸಂಭವವು, ಹಾಗೆಯೇ ಕೈಗೆ ಬಂದ ಕಡತಗಳಲ್ಲಿರುವುದಕ್ಕಿಂತ, ಶೇಕಡಾ 45ರಿಂದ 100ರಷ್ಟು ಹೆಚ್ಚಾಗಿತ್ತೆಂದು ಅವರು ತೋರಿಸಿದರು. ಮೈ ಬಿಸಿಯಾದುದೇ ರೋಗವಲ್ಲ. ಆದರೆ ಮೈ ಬಿಸಿಯಾಗಿದೆಯೆಂದು ತಿಳಿದ ವೈದ್ಯನು ಇನ್ನಷ್ಟು ಪರೀಕ್ಷಿಸುತ್ತಾನೆ. ತಾನಾಗಿ ಕಿತ್ತುಹಾಕುವ ಕಂಪೈಲರಿಗೆ ಈ ವೈದ್ಯಬುದ್ಧಿಯಿಲ್ಲ.

ಎರಡನೆಯದಾಗಿ, ಕಂಪೈಲರ್ ಕಿತ್ತುಹಾಕಿದುದರಿಂದಲೇ ಅನರ್ಥವಾದ ನಿದರ್ಶನವಿದೆ. ಲಿನಕ್ಸಿನಲ್ಲಿ ಟನ್ ಎಂಬ ಕೃತಕ ಜಾಲಸಾಧನದ ಡ್ರೈವರಿದೆ. 2009ರಲ್ಲಿ ಅದರ ಪಠ್ಯದಲ್ಲಿ ಒಂದು ವಿಳಾಸವನ್ನು ಮೊದಲು ಬಳಸಿ, ಮರುಗಳಿಗೆಯಲ್ಲಿ ‘ಈ ವಿಳಾಸ ಶೂನ್ಯವೋ?’ ಎಂದು ಪರೀಕ್ಷಿಸಲಾಗಿತ್ತು. ಕಂಪೈಲರ್ ಹೀಗೆ ತರ್ಕಿಸಿತು: ‘ವಿಳಾಸವನ್ನು ಆಗಲೇ ಬಳಸಿಯಾಗಿದೆ, ಶೂನ್ಯವಾಗಿದ್ದರೆ ಬಳಸಲು ಬರುತ್ತಿರಲಿಲ್ಲ, ಆದುದರಿಂದ ಪರೀಕ್ಷೆ ಅನಾವಶ್ಯಕ.’ ಹೀಗೆಂದು ಅದು ಪರೀಕ್ಷೆಯನ್ನೇ ತೆಗೆದುಬಿಟ್ಟಿತು. ಕೆಲವು ಸನ್ನಿವೇಶಗಳಲ್ಲಿ ಶೂನ್ಯ ವಿಳಾಸದಲ್ಲಿಯೂ ಏನನ್ನಾದರೂ ಇರಿಸಲು ಸಾಧ್ಯವಿದ್ದುದರಿಂದ, ಆ ಕಾವಲಿಲ್ಲದ ಬಾಗಿಲಿನಿಂದ ಒಳನುಗ್ಗಿ ಗಣಕದ ಪೂರ್ಣಾಧಿಕಾರವನ್ನು ಪಡೆಯಬಹುದೆಂಬುದನ್ನು ಅದೇ ವರ್ಷದ ಜುಲೈ ತಿಂಗಳಲ್ಲಿ ಮಾಡಿ ತೋರಿಸಲಾಯಿತು. ಬಳಿಕ ಡ್ರೈವರನ್ನು ತಿದ್ದಿದರು; ಇಂಥ ಪರೀಕ್ಷೆಗಳನ್ನು ಅಳಿಸಬಾರದೆಂದು ಕಂಪೈಲರಿಗೂ ಕಟ್ಟಪ್ಪಣೆ ಮಾಡಿದರು. ಯಂತ್ರದ ತರ್ಕದಲ್ಲಿ ಲೋಪವಿರಲಿಲ್ಲ. ಷರತ್ತು ಇರಬೇಕಾದುದು ಒಂದು ಸಾಲು ಮೇಲೆ ಎಂಬ ಅರಿವು ಮಾತ್ರ ಅದಕ್ಕಿರಲಿಲ್ಲ.

ಹಳೆಯ ಪಠ್ಯವು ‘ಇದ್ದರೆ ಇರಲಿ’ ಎಂದು ಉಳಿದುಕೊಂಡರೆ ಎಷ್ಟು ಬೆಲೆ ತೆರಬೇಕಾದೀತೆಂಬುದಕ್ಕೆ ಆಕಾಶದಿಂದಲೂ ಒಂದು ಸಾಕ್ಷಿಯುಂಟು. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು, ಹಾರಾಟದ ಕ್ರಮ ಪ್ರಾರಂಭವಾದ ಸುಮಾರು 40 ಸೆಕೆಂಡುಗಳಲ್ಲಿಯೇ ದಾರಿ ತಪ್ಪಿ ಸಿಡಿದುಹೋಯಿತು. ಅದರಲ್ಲಿದ್ದ ನಾಲ್ಕು ಉಪಗ್ರಹಗಳೂ ನಾಶವಾದವು. ತಪ್ಪು ನಡೆದುದು, ಹಿಂದಿನ ಏರಿಯಾನ್-4ರಿಂದ ಹಾಗೆಯೇ ತೆಗೆದುಕೊಂಡಿದ್ದ ಒಂದು ಕ್ರಮವಿಧಿಯಲ್ಲಿ. ರಾಕೆಟ್ಟು ನೆಲವನ್ನು ಬಿಟ್ಟ ಮೇಲೆ ಏರಿಯಾನ್-5ರಲ್ಲಿ ಆ ಭಾಗಕ್ಕೆ ಯಾವ ಕೆಲಸವೂ ಇರಲಿಲ್ಲ. ಆದರೂ ಅದು ಲೆಕ್ಕ ಹಾಕುತ್ತಲೇ ಇತ್ತು. ಅದರ ಪೆಟ್ಟಿಗೆಗೆ ಹಿಡಿಯದಷ್ಟು ದೊಡ್ಡ ಸಂಖ್ಯೆಯೊಂದು ಬಂದೊಡನೆ ಇಡೀ ದಿಕ್ಸೂಚಕ ವ್ಯವಸ್ಥೆಯೇ ನಿಂತುಹೋಯಿತು. ಕೆಲಸವಿಲ್ಲದ ಪಠ್ಯವು ನಿದ್ರಿಸುತ್ತಿರುತ್ತದೆಂದು ನಂಬುವುದು ಅಪಾಯಕರ.

ಹಾಗಾದರೆ ಕಂಡ ಕಂಡ ಪುನರುಕ್ತಿಯನ್ನೆಲ್ಲ ಕತ್ತರಿಸಿ ಎಸೆಯಬಹುದೆ? ಕೂಡದು. ಮಹಾಕವಿ ರನ್ನನು ಹುಟ್ಟಿದ ಮುಧೋಳದ ವಿದ್ಯಾರ್ಥಿಗಳಿಗೆ ಈ ಮಾತನ್ನು ಅಲಂಕಾರ ಶಾಸ್ತ್ರದ ಮೂಲಕವೇ ಹೇಳಬಹುದು. ನಮ್ಮ ಲಾಕ್ಷಣಿಕರು ಪುನರುಕ್ತಿಯನ್ನು ಕಾವ್ಯದೋಷಗಳಲ್ಲಿ ಎಣಿಸಿದರು. ಆದರೆ ಕರುಣೆ, ಭಯ, ಸಂಭ್ರಮ ಮುಂತಾದ ಭಾವಗಳ ಆವೇಗದಲ್ಲಿ ಬಂದ ಪುನರುಕ್ತಿ ದೋಷವಲ್ಲವೆಂದೂ ಹೇಳಿದರು. ಡ್ರೈವರುಗಳ ಲೋಕದಲ್ಲಿಯೂ ಇಂಥ ಅಪವಾದಗಳುಂಟು. ಜಾಲದ ತಂತಿ ಜೋಡಣೆಯಾಗಿದೆಯೇ ಎಂದು ತಿಳಿಸುವ ಗುರುತೊಂದು ಜಾಲಫಲಕದಲ್ಲಿರುತ್ತದೆ. ಸಂಪರ್ಕವು ಒಂದು ಕ್ಷಣ ಕಡಿದರೂ ಆ ಗುರುತು ‘ಇಲ್ಲ’ ಎಂದು ಬಿದ್ದುಕೊಳ್ಳುತ್ತದೆ. ಯಾರಾದರೂ ಓದುವವರೆಗೆ ಹಾಗೆಯೇ ಇರುತ್ತದೆ. ಆದುದರಿಂದ ಮೊದಲ ಓದು ‘ನಡುವೆ ಎಂದಾದರೂ ಕಡಿದಿತ್ತೆ?’ ಎಂಬ ಪ್ರಶ್ನೆಗೆ ಉತ್ತರ. ಎರಡನೆಯ ಓದು ‘ಈಗ ಇದೆಯೆ?’ ಎಂಬ ಪ್ರಶ್ನೆಗೆ ಉತ್ತರ. ಪಠ್ಯವನ್ನು ಮಾತ್ರ ನೋಡುವವನಿಗೆ ಎರಡೂ ಒಂದೇ ವಾಕ್ಯ. ಒಂದನ್ನು ಅಳಿಸಿದರೆ, ಸಂಪರ್ಕವಿದ್ದೂ ಇಲ್ಲವೆಂದು ಗಣಕವು ಹೇಳೀತು. ಹಾಗೆಯೇ, ಸಾಧನಕ್ಕೆ ಬರೆದ ಆಜ್ಞೆಯು ದಾರಿಯಲ್ಲಿ ತಡೆದು ನಿಲ್ಲದೆ ತಲಪಿತೆಂದು ಖಚಿತಪಡಿಸಿಕೊಳ್ಳಲು ಡ್ರೈವರು ಅದೇ ಸಾಧನದಿಂದ ಏನನ್ನೋ ಓದಿ, ಓದಿದುದನ್ನು ಬಿಟ್ಟುಬಿಡುವುದುಂಟು. ಓದಿದ ಬೆಲೆ ವ್ಯರ್ಥ, ಓದಿದ ಕ್ರಿಯೆ ವ್ಯರ್ಥವಲ್ಲ.

ಆದುದರಿಂದ ಶುದ್ಧೀಕರಣಕ್ಕೆ ನಾವು ಸೂಚಿಸುವ ನಿಯಮ ಒಂದೇ: ಯಾವ ಷರತ್ತನ್ನಾಗಲಿ ಅಳಿಸುವ ಮುನ್ನ ಅದನ್ನು ಅಲ್ಲಿ ಇರಿಸಿದ ಕಾರಣವನ್ನು ಹೇಳಬಲ್ಲವರಾಗಬೇಕು. ‘ಇದು ಏಕೆ ಇಲ್ಲಿದೆಯೋ ತಿಳಿಯದು, ಆದುದರಿಂದ ತೆಗೆಯುತ್ತೇನೆ’ ಎನ್ನುವುದು ವಿಜ್ಞಾನವಲ್ಲ. ‘ಇದು ಏಕೆ ಇಲ್ಲಿದೆಯೋ ತಿಳಿಯದು, ಆದುದರಿಂದ ಮುಟ್ಟುವುದಿಲ್ಲ’ ಎನ್ನುವುದೂ ವಿಜ್ಞಾನವಲ್ಲ. ಮೊದಲನೆಯದು ದುಡುಕು, ಎರಡನೆಯದು ಮೂಢಭಯ. ಇವೆರಡರ ನಡುವೆ ಸಾಧನದ ಕೈಪಿಡಿಯನ್ನು ಓದಿ, ಪಠ್ಯದ ಹಿಂದಿನ ಇತಿಹಾಸವನ್ನು ನೋಡಿ, ಕಾರಣವನ್ನು ಕಂಡುಕೊಳ್ಳುವ ಮೂರನೆಯ ದಾರಿಯುಂಟು.

ಹುಡುಕುವ ಕೆಲಸಕ್ಕೆ ಯಂತ್ರದ ಸಹಾಯ ದೊರೆಯುತ್ತದೆ. ಜೂಲಿಯಾ ಲಾವಾಲ್, ಜಿಲ್ ಮ್ಯುಲರ್ ಮತ್ತು ಅವರ ಸಂಗಡಿಗರು ರಚಿಸಿದ ಕಾಕ್ಸಿನೆಲ್ ಎಂಬ ಉಪಕರಣಕ್ಕೆ, ಎಂಥ ವಾಕ್ಯವನ್ನು ಎಂಥ ವಾಕ್ಯವಾಗಿ ಮಾರ್ಪಡಿಸಬೇಕೆಂಬ ಮಾದರಿಯೊಂದನ್ನು ಕೊಟ್ಟರೆ ಸಾಕು, ಅದು ಸಾವಿರಾರು ಕಡತಗಳಲ್ಲಿ ಹುಡುಕಿ ತೋರಿಸುತ್ತದೆ. ಕೆಫ್ರೀಯ ಮುಂದಿನ ವ್ಯರ್ಥ ಪರೀಕ್ಷೆಯನ್ನು ಹಿಡಿಯುವ ಮಾದರಿಯು ಲಿನಕ್ಸಿನ ಮೂಲಪಠ್ಯದೊಡನೆಯೇ ಸೇರಿಕೊಂಡಿದೆ. ಫ್ರೆಂಚ್ ಭಾಷೆಯಲ್ಲಿ ಕಾಕ್ಸಿನೆಲ್ ಎಂದರೆ ಬೆಳೆಯ ಹೇನುಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಗುಲಗಂಜಿ ಹುಳು; ಹೆಸರು ಅನ್ವರ್ಥವಾಗಿದೆ. ಆದರೆ ಹುಳುವು ಹೇನನ್ನು ತೋರಿಸೀತೇ ಹೊರತು, ಕತ್ತರಿಸಬೇಕಾದುದು ಎಲೆಯನ್ನೋ ಕೊಂಬೆಯನ್ನೋ ಎಂಬುದನ್ನು ನಿರ್ಣಯಿಸುವವನು ಮನುಷ್ಯನೇ.

ಇಂಥ ತಾಳ್ಮೆಯ ಪರಿಶೀಲನೆಗೆ ಫಲವಿಲ್ಲದಿಲ್ಲ. ಸ್ಟ್ಯಾನ್‌ಫರ್ಡಿನ ಎಣಿಕೆಯಾದ 10 ವರ್ಷಗಳ ಮೇಲೆ, 2011ರಲ್ಲಿ, ಲಾವಾಲ್ ಮತ್ತು ಸಂಗಡಿಗರು ಅದೇ ಬಗೆಯ ಎಣಿಕೆಯನ್ನು ಮತ್ತೆ ಮಾಡಿದರು. ದೋಷಗಳ ಸಂಖ್ಯೆಯಲ್ಲಿ ಡ್ರೈವರುಗಳೇ ಆಗಲೂ ಮುಂದಿದ್ದವು. ಆದರೆ ಪಠ್ಯದ ಗಾತ್ರಕ್ಕೆ ಹೋಲಿಸಿದ ದೋಷದ ಪ್ರಮಾಣದಲ್ಲಿ ಅವು ಬೇರೆ ಕೆಲವು ಭಾಗಗಳಿಗಿಂತ ಕೆಳಗಿಳಿದಿದ್ದವು. ಒಂದು ಕಾಲದಲ್ಲಿ ಅಪಖ್ಯಾತಿಗೆ ಒಳಗಾಗಿದ್ದ ಭಾಗವು ಜನರ ಗಮನ ಬಿದ್ದೊಡನೆ ಸುಧಾರಿಸಿತು.

ಈಗ ನಮ್ಮ ವಿದ್ಯಾರ್ಥಿಗಳ ವಿಷಯಕ್ಕೆ ಬರೋಣ. ನಮ್ಮ ಪಾಠಕ್ರಮಗಳಲ್ಲಿ ಕ್ರಮವಿಧಿಯನ್ನು ಹೊಸದಾಗಿ ಬರೆಯುವುದಕ್ಕೆ ಅಂಕಗಳುಂಟು. ಬೇರೊಬ್ಬರು ಬರೆದುದನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಇರುವ ಮನ್ನಣೆ ಬಹಳ ಕಡಮೆ. ಇಪ್ಪತ್ತು ಸಾಲಿನ ಕ್ರಮವಿಧಿಯನ್ನು ಬಾಯಿಪಾಠ ಮಾಡಿ ಪ್ರಯೋಗಪರೀಕ್ಷೆಯಲ್ಲಿ ಬರೆದವನು ಉತ್ತೀರ್ಣನಾಗುತ್ತಾನೆ. ಆದರೆ ಉದ್ಯೋಗದಲ್ಲಿ ಅವನ ಮುಂದೆ ಬರುವುದು ಹತ್ತಾರು ಜನ, ಹತ್ತಾರು ವರ್ಷ ಬರೆದ ಲಕ್ಷಾಂತರ ಸಾಲುಗಳು. ವ್ಯಾಕರಣವನ್ನು ಕಲಿಸಿ ಗ್ರಂಥವನ್ನು ಕೈಗೆ ಕೊಡದಂತಾಯಿತು ಇದು. ಒಂದೇ ಒಂದು ಪುನರುಕ್ತ ಷರತ್ತನ್ನು ತೆಗೆಯಲು ಸಿದ್ಧನಾದ ವಿದ್ಯಾರ್ಥಿಯು, ಸಾಧನವು ಹೇಗೆ ಕೆಲಸ ಮಾಡುತ್ತದೆ, ಸ್ಮೃತಿಯನ್ನು ಯಾರು ಕೊಡುತ್ತಾರೆ, ವೈಫಲ್ಯದ ಸುದ್ದಿ ಯಾವ ದಾರಿಯಿಂದ ಬರುತ್ತದೆ ಎಂಬುದನ್ನೆಲ್ಲ ಕಲಿಯಲೇಬೇಕಾಗುತ್ತದೆ. ಅಳಿಸುವುದು ಒಂದು ಸಾಲು. ಕಲಿಯುವುದು ಒಂದು ಅಧ್ಯಾಯ.

ಇದಕ್ಕೆ ಬೆಂಗಳೂರಿಗೆ ಹೋಗಬೇಕಾದುದಿಲ್ಲ. ಜಮಖಂಡಿಯಲ್ಲಾಗಲಿ ಬೀಳಗಿಯಲ್ಲಾಗಲಿ ಕುಳಿತ ವಿದ್ಯಾರ್ಥಿಗೆ ಸಾಧಾರಣ ಗಣಕವೂ ಜಾಲಸಂಪರ್ಕವೂ ಇದ್ದರೆ ಲಿನಕ್ಸಿನ ಪೂರ್ಣ ಪಠ್ಯ ಕೈಗೆ ಬರುತ್ತದೆ. ಇನ್ನೂ ಪಕ್ವವಾಗದ ಡ್ರೈವರುಗಳಿಗಾಗಿ 2008ರಿಂದ ಸ್ಟೇಜಿಂಗ್ ಎಂಬ ಪ್ರತ್ಯೇಕ ವಿಭಾಗವಿದೆ. ಹೊಸಬರು ಕೈ ಪಳಗಿಸಿಕೊಳ್ಳಲು ಅದು ತಕ್ಕ ಸ್ಥಳ. ತಿದ್ದುಪಡಿಯನ್ನು ಕಳುಹಿಸುವವನು ತನ್ನ ಹೆಸರಿನ ರುಜುವಿನೊಡನೆ, ಏನು ಮಾಡಿದೆನೆಂಬುದನ್ನಷ್ಟೇ ಅಲ್ಲದೆ ಏಕೆ ಮಾಡಿದೆನೆಂಬುದನ್ನೂ ಬರೆಯಬೇಕು. ಅದನ್ನು ಆ ಭಾಗದ ಪಾಲಕರು ಓದಿ, ಒಪ್ಪುತ್ತಾರೆ ಅಥವಾ ಪ್ರಶ್ನಿಸುತ್ತಾರೆ. ಹೆಸರಿನ ಆಸೆಗಾಗಿ ನೂರಾರು ಕ್ಷುಲ್ಲಕ ತಿದ್ದುಪಡಿಗಳನ್ನು ಸುರಿಯುವವರೂ ಇದ್ದಾರೆಂಬುದು ನಿಜ. ಅವರಿಂದ ಪಾಲಕರ ಸಮಯ ಹಾಳಾಗುತ್ತದೆ. ಪರೀಕ್ಷಿಸಿ ನೋಡಲು ಸಾಧನವೇ ಕೈಯಲ್ಲಿಲ್ಲದವನು ಮಾಡಿದ ತಿದ್ದುಪಡಿಯನ್ನು ಪಾಲಕರು ಅನುಮಾನದಿಂದ ನೋಡಿದರೆ ಅದು ತಪ್ಪಲ್ಲ. ಕಾರಣವನ್ನು ಸ್ಪಷ್ಟವಾಗಿ ಬರೆಯುವ ಅಭ್ಯಾಸವೇ ಈ ಅನುಮಾನಕ್ಕೆ ಮದ್ದು.

ಒಬ್ಬೊಬ್ಬರ ಸಣ್ಣ ದುಡಿಮೆ ಕೂಡಿ ದೊಡ್ಡ ಸಾರ್ವಜನಿಕ ಆಸ್ತಿಯಾಗುವ ಬಗೆ ಈ ನೆಲಕ್ಕೆ ಅಪರಿಚಿತವೂ ಅಲ್ಲ. ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ, ತಮ್ಮವೇ ಹಣ ಮತ್ತು ಶ್ರಮದಾನದಿಂದ, ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ 1989ರಲ್ಲಿ ಬ್ಯಾರೇಜನ್ನು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದುದು ಸಾರ್ಥಕವೇ ಸರಿ. ಲಿನಕ್ಸೂ ಒಂದು ಶ್ರಮಬಿಂದು ಸಾಗರವೇ. ಕಟ್ಟುವ ಉತ್ಸಾಹವು ಎಷ್ಟು ಅವಶ್ಯಕವೋ, ಕಟ್ಟಿದುದರಲ್ಲಿ ಹೂಳು ತುಂಬದಂತೆ ವರ್ಷ ವರ್ಷವೂ ನೋಡಿಕೊಳ್ಳುವ ತಾಳ್ಮೆಯೂ ಅಷ್ಟೇ ಅವಶ್ಯಕ.

ನಮ್ಮ ಸೂಚನೆ ಬಹಳ ದೊಡ್ಡದಲ್ಲ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಓದುವವರಿಗೆ ವರ್ಷಕ್ಕೊಂದು ಸಲವಾದರೂ ನಿಜವಾದ ಡ್ರೈವರೊಂದರ ಪಠ್ಯವನ್ನು ಓದಲು ಕೊಡಲಿ. ಅದರಲ್ಲಿ ಅನಾವಶ್ಯಕವೆಂದು ತೋರುವ ಒಂದು ಷರತ್ತನ್ನು ಹುಡುಕಿ, ಅದು ನಿಜವಾಗಿ ಅನಾವಶ್ಯಕವೋ, ಬೇರೊಂದು ತಪ್ಪಿನ ಕುರುಹೋ, ಅಥವಾ ನಮಗೆ ತಿಳಿಯದ ಸಾಧನದ ಗುಣವೋ ಎಂಬುದನ್ನು ಎರಡು ಪುಟಗಳಲ್ಲಿ ಬರೆಯಲಿ. ‘ಇದನ್ನು ತೆಗೆಯಕೂಡದು’ ಎಂದು ಸಕಾರಣವಾಗಿ ಬರೆದವನಿಗೂ, ‘ಇದನ್ನು ತೆಗೆಯಬಹುದು’ ಎಂದು ಸಕಾರಣವಾಗಿ ಬರೆದವನಿಗೂ ಸಮಾನ ಅಂಕಗಳು ದೊರೆಯಲಿ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ಬರೆದ ಸಣ್ಣ ಕ್ರಮವಿಧಿಗಳಲ್ಲಿಯೇ ಈ ಅಭ್ಯಾಸವನ್ನು ಪ್ರಾರಂಭಿಸಬಹುದು: ಪ್ರತಿಯೊಂದು ಷರತ್ತಿನ ಮುಂದೆ ನಿಂತು, ‘ಇದು ಎಂದು ನಿಜವಾದೀತು? ಎಂದು ಸುಳ್ಳಾದೀತು?’ ಎಂದು ಕೇಳಿಕೊಳ್ಳಲಿ. ಎರಡರಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೆ, ವಿಚಾರ ಮಾಡಬೇಕಾದ ಸ್ಥಳ ಅದೇ ಎಂದು ತಿಳಿಯತಕ್ಕದ್ದು.